ಗುಳಿಗೆ ನಮ್ಮ ಬೀದಿಗೇ ಬಂದಾಗ

ಆಕೆಯ ನಿಜವಾದ ಹೆಸರು ಕಾರ್ಖಾನೆಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಸೌಟಕ್ಕ. ಬಟ್ಟೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಹಂಡೆಯ ಹಿಂದೆ ಸೌಟು ಹಿಡಿದು ನಿಂತಳೆಂದರೆ, ಸಾಲು ತಪ್ಪಿಸಿ ನುಗ್ಗುವ ಧೈರ್ಯ ಮ್ಯಾನೇಜರಿಗೂ ಇರಲಿಲ್ಲ. ಅಂಥ ಗಟ್ಟಿಗಿತ್ತಿ ಒಂದೇ ಒಂದು ಸುದ್ದಿಗೆ ಹೆದರಿ ನಡುಗುತ್ತಿದ್ದಳು. ಆಕೆಯ ರಕ್ತದಲ್ಲಿ ಎಚ್‌ಐವಿ ಇತ್ತು. ಗಂಡನನ್ನು ಬಿಟ್ಟರೆ ಬೀದಿಯಲ್ಲಿ ನರಪಿಳ್ಳೆಗೂ ಅದು ಗೊತ್ತಿರಲಿಲ್ಲ.

ವರ್ಷಗಳಿಂದ ಆಕೆ ದೂರದ ನಗರದ ದೊಡ್ಡಾಸ್ಪತ್ರೆಯಿಂದ ಗುಳಿಗೆ ತರುತ್ತಿದ್ದಳು. ಒಂದು ಬಸ್ಸಿಳಿದು ಇನ್ನೊಂದು ಹತ್ತಬೇಕು. ಕೆಲಸಕ್ಕೆ ರಜೆ ಹಾಕಬೇಕು. ಯಾರಾದರೂ ಕೇಳಿದರೆ "ಅಕ್ಕನಿಗೆ ಹುಷಾರಿಲ್ಲ, ನೋಡ್ಕೊಂಡು ಬರ್ತೀನಿ" ಎನ್ನಬೇಕು. ಕಲ್ಲುಗುಂಡಿನಂತಿದ್ದ ಆ ಅಕ್ಕ ಪಾಪ, ತಂಗಿಯ ಬಾಯಲ್ಲಿ ವರ್ಷಪೂರ್ತಿ ಹಾಸಿಗೆ ಹಿಡಿದಿದ್ದಳು. ಆದರೂ ಆ ದೊಡ್ಡಾಸ್ಪತ್ರೆಯಲ್ಲಿ ಗುರುತಿನ ಮುಖಗಳಿರಲಿಲ್ಲ. ಅದೇ ದೊಡ್ಡ ನೆಮ್ಮದಿ.

ಒಂದು ದಿನ ಅಲ್ಲಿನ ಡಾಕ್ಟರು ನಗುತ್ತಾ ಹೇಳಿದರು: "ಇನ್ಮೇಲೆ ಇಷ್ಟು ದೂರ ಬರೋ ಕಷ್ಟ ಬೇಡಮ್ಮ. ನಿಮ್ಮ ಫೈಲ್ ಅಲ್ಲಿಗೇ ಕಳಿಸಿದ್ದೀವಿ, ಇನ್ನು ಗುಳಿಗೆ ನಿಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲೇ ಸಿಗುತ್ತೆ. ನೆಗಡಿ, ಬಿಪಿ, ಶುಗರ್ ಅಂತ ಹೋಗಲ್ವಾ, ಹಾಗೇ."

ಬೇರೆಯವರಾಗಿದ್ದರೆ ಕೈ ಮುಗಿಯುತ್ತಿದ್ದರು. ಸೌಟಕ್ಕನ ಎದೆ ಧಸಕ್ಕೆಂದಿತು. ಯಾಕೆಂದರೆ ಆ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಔಷಧಿ ಕೊಡುವವನು ಆಕೆಯ ಬಾಡಿಗೆ ಮನೆಯ ಓನರಮ್ಮನ ಅಳಿಯ. ಓನರಮ್ಮ, ಮಗಳು, ಅಳಿಯ ಇರುವುದು ಮಹಡಿ ಮೇಲೆ, ಇವರು ಕೆಳಗೆ. ಓನರಮ್ಮನದೋ ಬೀಗವಿಲ್ಲದ ಬಾಯಿ. ಬೆಳಿಗ್ಗೆ ಅವರ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿ ಸುತ್ತುತ್ತಿತ್ತು, ಅದೂ ಕೈಕಾಲು ಮೂಡಿಸಿಕೊಂಡು.

ಆಕೆ ಗಂಡನಿಗೆ ಏನೂ ಹೇಳಲಿಲ್ಲ. ಆರೋಗ್ಯ ಕೇಂದ್ರದ ಕಡೆ ತಲೆ ಹಾಕಲೂ ಇಲ್ಲ. ಇದ್ದ ಗುಳಿಗೆಯನ್ನೇ ದಿನ ಬಿಟ್ಟು ದಿನ ನುಂಗಿ ಕಾಲ ತಳ್ಳಿದಳು. ಕೊನೆಗೆ ಅದೂ ಮುಗಿಯಿತು. ಆಮೇಲೆ ಕೆಮ್ಮಿದರೆ ಭಯ, ಬೆವರಿದರೆ ಭಯ. ಒಲೆಯ ಝಳಕ್ಕೆ ಮೈ ಬಿಸಿಯಾದರೂ ಜ್ವರವೇ ಬಂತೆಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಗಂಡ ಗೋಡೆಗೆ ಬಣ್ಣ ಬಳಿಯುವವನು. ಮಾತು ಕಡಿಮೆ, ಕಣ್ಣು ಚುರುಕು. ಒಂದು ಸಂಜೆ ಖಾಲಿ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಇದೇನು?"

"ತರ್ತೀನಿ ಬಿಡಿ."

"ಎಲ್ಲಿಂದ? ಯಾವಾಗ?"

ಆಕೆ ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದಳು. "ಓನರಮ್ಮಂಗೆ ಗೊತ್ತಾದ್ರೆ ಮನೆ ಖಾಲಿ ಮಾಡಿ ಅಂತಾರೆ. ಕಾರ್ಖಾನೆಗೆ ಗೊತ್ತಾದ್ರೆ? ನಾನು ಬಡಿಸಿದ ಊಟ ಯಾರು ಮುಟ್ತಾರೆ ರೀ?"

ಗಂಡ ಡಬ್ಬಿ ಕೆಳಗಿಟ್ಟು ಆಕೆಯ ಪಕ್ಕ ಕೂತ. "ಮೊದಲ ಸಲ ನೀನು ಹಾಸಿಗೆ ಹಿಡಿದಾಗ ನಿನ್ನನ್ನ ಎತ್ಕೊಂಡು ಓಡಿದ್ದು ನಾನು. ಹತ್ತಿಯಷ್ಟು ಹಗುರ ಇದ್ದೆ. ಊರ ಬಾಯಿ ಅಂದ್ರೆ ನಂಗೂ ಭಯಾನೇ ಕಣೆ. ಆದ್ರೆ ಆ ಹಗುರ ನೆನೆಸ್ಕೊಂಡ್ರೆ ಅದಕ್ಕಿಂತ ಭಯ ಆಗುತ್ತೆ. ನಾಳೆ ನಾನೂ ಬರ್ತೀನಿ, ನಡಿ."

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಮೊದಲು ಕಂಡದ್ದೇ ಕಾರ್ಖಾನೆಯ ಗೇಟಿನ ಕಾವಲುಗಾರ. "ಏನ್ ಸೌಟಕ್ಕ, ನೀವೂ ಇಲ್ಲಿ?" ಎಂದ. ಆಕೆ ಸೆರಗು ಎಳೆದುಕೊಂಡು ಗಂಡನ ಹಿಂದೆ ಸರಿದಳು.

"ಗುಳಿಗೆ ತಗೊಳ್ಳೋಣ ಅಂತ," ಎಂದ ಗಂಡ.

"ನಂದೂ ಅದೇ ಕಥೆ. ಶುಗರ್ದು. ಈಗೀಗ ಊಟಕ್ಕಿಂತ ಗುಳಿಗೇನೇ ಜಾಸ್ತಿ ಆಗಿದೆ," ಎಂದು ಕಾವಲುಗಾರ ನಕ್ಕು, ಇನ್ನೊಬ್ಬರ ಜೊತೆ ಮಾತಿಗಿಳಿದ.

ಸಿಸ್ಟರ್ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಗುಳಿಗೆ ಬಿಟ್ಟದ್ದನ್ನು ಹೇಳುವಾಗ ಸೌಟಕ್ಕ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ್ದಳು.

"ಬಂದ್ರಲ್ಲ, ಒಳ್ಳೇದಾಯ್ತು," ಎಂದರು ಸಿಸ್ಟರ್. "ನಡುವೆ ಬಿಟ್ರೆ ವೈರಸ್ ಮತ್ತೆ ತಲೆ ಎತ್ತುತ್ತೆ ಅಕ್ಕ. ಕೆಲವು ಸಲ ಅದೇ ಗುಳಿಗೆಗೆ ಬಗ್ಗದ ಹಾಗೂ ಆಗ್ಬಿಡುತ್ತೆ. ಡಾಕ್ಟರ್ ನೋಡ್ಲಿ, ರಕ್ತ ಪರೀಕ್ಷೆ ಮಾಡೋಣ. ಮತ್ತೆ ಶುರು ಮಾಡೋಣ."

"ನಾನು ಅಡುಗೆ ಕೆಲಸದವಳು..."

"ಮಾಡಿ. ಅಡುಗೆ ಮಾಡಿದ್ರೂ, ಬಡಿಸಿದ್ರೂ, ಒಂದೇ ತಟ್ಟೆಯಲ್ಲಿ ಉಂಡ್ರೂ ಇದು ಹರಡಲ್ಲ. ದಿನಾ ತಪ್ಪದೇ ತಗೊಂಡು, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ತಗ್ಗಿ, ಹಾಗೇ ತಗ್ಗಿಯೇ ಇದ್ರೆ ದೇಹಸಂಬಂಧದಿಂದ ಗಂಡನಿಗೂ ಹರಡಲ್ಲ."

ಡಾಕ್ಟರು ನೋಡಿ ಔಷಧಿ ಬರೆದರು. ಉಳಿದದ್ದು ಕಿಟಕಿ. ಓನರಮ್ಮನ ಅಳಿಯ ಚೀಟಿ ನೋಡಿದ, ಆಕೆಯ ಮುಖ ನೋಡಿದ. "ದಿನಾ ಒಂದೇ ಹೊತ್ತಿಗೆ ತಗೊಳ್ಳಿ," ಎಂದಷ್ಟೇ ಹೇಳಿ, ಕಾವಲುಗಾರನಿಗೆ ಕೊಟ್ಟಂಥದೇ ಕಂದು ಕವರಿನಲ್ಲಿ ಡಬ್ಬಿ ಹಾಕಿ ಕೊಟ್ಟ.

ಗುಳಿಗೆ ಕೈಗೆ ಬಂತು, ಭಯ ಮಾತ್ರ ಹೋಗಲಿಲ್ಲ. ಅಳಿಯ ಇವತ್ತು ಅತ್ತೆಗೆ ಹೇಳುತ್ತಾನೆ, ಊಟಕ್ಕೆ ಕೂತಾಗ ಹೇಳುತ್ತಾನೆ ಎಂದು ಮನಸ್ಸು ಕುದಿಯುತ್ತಿತ್ತು. ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೊರಟಳು. ಮೆಟ್ಟಿಲ ಪಕ್ಕದಲ್ಲೇ ಓನರಮ್ಮನ ಅಡುಗೆಮನೆಯ ಕಿಟಕಿ.

"ಅಳಿಯಂದ್ರೇ, ಕೆಳಗಿನ ಮನೆಯವಳು ಗಂಡನ ಜೊತೆ ನಿಮ್ಮ ಆಸ್ಪತ್ರೆಗೆ ಬಂದಿದ್ಲಂತೆ. ಏನಂತೆ ಅವಳಿಗೆ?"

ಸೌಟಕ್ಕ ಕಂಬಿ ಹಿಡಿದು ನಿಂತಳು.

"ಯಾರು ಯಾಕೆ ಬಂದ್ರು ಅಂತ ನಾನು ಹೇಳಲ್ಲ ಅತ್ತೆ."

"ಅಯ್ಯೋ, ನಾನೇನು ಹೊರಗಿನವಳಾ? ಕಿವೀಲಿ ಹೇಳಿ."

"ಮೊನ್ನೆ ನೀವು ಡಾಕ್ಟರ ಹತ್ರ ಬಾಗಿಲು ಹಾಕ್ಕೊಂಡು ಮಾತಾಡಿದ್ರಲ್ಲ. ಅದನ್ನ ನಿಮ್ಮ ಮಗಳಿಗೂ ನಾನು ಹೇಳಿಲ್ಲ. ಹೇಳ್ಲಾ?"

ಒಳಗೆ ಪಾತ್ರೆಯೊಂದು ಠಣ್ಣೆಂದಿತು. "ಬೇಡ, ಬೇಡ. ಏನೋ ಬಾಯಿತಪ್ಪಿ ಕೇಳ್ದೆ. ಊಟಕ್ಕೆ ಏಳಿ."

ಸೌಟಕ್ಕ ಬಟ್ಟೆ ಮರೆತು ಕೆಳಗಿಳಿದಳು. ಆಕೆಯ ಮುಖದಲ್ಲಿ ಅಳುವೋ ನಗುವೋ ಗಂಡನಿಗೆ ತಿಳಿಯಲಿಲ್ಲ. ಅವನ ಎದುರಿಗೇ ಗುಳಿಗೆ ನುಂಗಿ ನೀರು ಕುಡಿದಳು.

ಭಯ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಬೆಂಚಿನ ಮೇಲೆ ಕೂತಾಗ ಈಗಲೂ ಆಕೆಯ ಅಂಗೈ ಬೆವರುತ್ತದೆ. ಆದರೆ ಆಕೆ ಹೋಗುತ್ತಾಳೆ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಆ ಕಿಟಕಿಯಿಂದ ಡಬ್ಬಿ ಪಡೆಯುತ್ತಾಳೆ, ದಿನಾ ತಪ್ಪದೇ ಗುಳಿಗೆ ನುಂಗುತ್ತಾಳೆ. ಈಚಿನ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ತಗ್ಗಿದೆ ಎಂದರು ಸಿಸ್ಟರ್.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಇಂಥದೇ ಹೆದರಿಕೆ ಇರಬಹುದು. ಗುಳಿಗೆ ಬಿಟ್ಟು ಎಷ್ಟೇ ದಿನವಾಗಿರಲಿ, ಇವತ್ತೇ ನಿಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಂಬಿಕೆಯವರನ್ನು ಜೊತೆಗೆ ಕರೆದುಕೊಳ್ಳಿ. ಔಷಧಿ ಕೊಡುವವರೇ, ನಿಮ್ಮ ಬಾಯಿ ಗಟ್ಟಿಯಿದ್ದರೆ ಒಂದು ಜೀವ ಉಳಿಯುತ್ತದೆ. ನೆರೆಹೊರೆಯವರೇ, ಬೆಂಚಿನ ಮೇಲೆ ಪಕ್ಕದಲ್ಲಿ ಯಾರಾದರೂ ಬಂದು ಕೂತರೆ ಕೊಂಚ ಸರಿದು ಜಾಗ ಕೊಡಿ. ಯಾಕೆ ಬಂದಿರಿ ಎಂದು ಮಾತ್ರ ಕೇಳಬೇಡಿ.