ಎಡಕ್ಕೆ ತಿರುಗಿದರೆ ಹಾರ್ನ್

ಮೇಷ್ಟ್ರ ಹಳೆಯ ಫೋರ್‌ವೀಲ್ ಜೀಪಿನಲ್ಲಿ ಎಡಗಡೆಯ ಇಂಡಿಕೇಟರ್ ಹಾಕಿದರೆ ಹಾರ್ನ್ ಬಡಿದುಕೊಳ್ಳುತ್ತಿತ್ತು. ರಜೆಯಿಡೀ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಇಲಿ ಕಡಿದ ವೈರಿಂಗನ್ನೆಲ್ಲ ಕಿತ್ತು, ಬಣ್ಣಕ್ಕೆ ಬಣ್ಣ ಕೂಡಿಸಿ ಹೊಸದನ್ನು ಹಾಕಿದರು. ಮೊದಲ ಸುತ್ತು ಮುಗಿಸಿ ಹೆಮ್ಮೆಯಿಂದ ಬಂದರೆ ಮನೆಯ ಗೇಟು ಮುಚ್ಚಿತ್ತು. ತಿರುವಿನಲ್ಲೇ ಹಾರ್ನ್ ಕೇಳಿ ಗೇಟು ತೆಗೆದು ನಿಲ್ಲುತ್ತಿದ್ದ ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದರು.

“ಅಯ್ಯೋ, ಬಂದದ್ದೇ ಗೊತ್ತಾಗ್ಲಿಲ್ಲ ಕಣ್ರೀ! ಒಳ್ಳೆ ಕಳ್ಳರ ಥರ ಬಂದಿದ್ದೀರಲ್ಲ. ಹಾರ್ನ್ ಹೊಡೀಬಾರದಿತ್ತಾ?”

“ಗೇಟು ತೆಗಿ ಅಂತ ಹೆಂಡ್ತಿಗೆ ಹಾರ್ನ್ ಹೊಡೀಲಾ? ಅಷ್ಟು ಧಿಮಾಕು ನನಗಿಲ್ಲಮ್ಮ.”

ಮರುದಿನ ಬೆಳಿಗ್ಗೆ ಮೇಷ್ಟ್ರು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿ, ಎಡಗಡೆಯ ಇಂಡಿಕೇಟರಿನಿಂದ ಹಾರ್ನಿಗೆ ಒಂದು ವೈರು ಎಳೆದು, ಬೆಸುಗೆ ಹಾಕಿ, ಟೇಪು ಸುತ್ತಿದರು. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ.