ಹೆಸರಿನ ಅಡಿಯ ಬಿಳಿ ಟೇಪು

ಕೂದಲಿಗೆ ಹೊಡೆದ ಸ್ಪ್ರೇ ಬಿಸಿಲಿಗೆ ಕರಗಿ ಕುತ್ತಿಗೆಗೆ ಅಂಟುತ್ತಿದೆ, ಕಣ್ಣಿನ ಕಾಡಿಗೆ ಇನ್ನರ್ಧ ಗಂಟೆ ನಿಂತರೆ ದೊಡ್ಡದು, ತೊಟ್ಟಿರುವ ಚಿರತೆ ಚುಕ್ಕೆಯ ಪ್ಯಾಂಟು ಪಕ್ಕದಲ್ಲಿ ಕೂತ ಹಾಡುಗಾರ ಲೈಲನ ಗೆಳತಿಯದು, ಜೋರಾಗಿ ಉಸಿರು ಬಿಟ್ಟರೆ ಹೊಲಿಗೆ ಬಿಡುತ್ತದೆ, ಸನ್‌ಸೆಟ್ ರಸ್ತೆಯ ಈ ರೆಕಾರ್ಡ್ ಅಂಗಡಿಯ ಗಾಜಿನಿಂದ ಮಧ್ಯಾಹ್ನದ ಬಿಸಿಲೆಲ್ಲ ಈ ಮೇಜಿಗೇ ಬೀಳಬೇಕೆ, ಮೇಜಿನ ಮೇಲೆ ಸಹಿ ಹಾಕಲು ಅವರ ಮೊದಲ ಆಲ್ಬಮ್ಮಿನ ರಾಶಿ, ಪ್ರತಿ ಹೊದಿಕೆಯ ಮೇಲೂ ಗುಲಾಬಿ ತುಟಿಯ ನಾಲ್ವರು, ಎಡತುದಿಯವನು ತಾನು, ಡ್ವೈಟ್, ಸ್ಯಾಟಿನ್ ಹೌಂಡ್ಸ್ ತಂಡದ ಗಿಟಾರು — ತಾನೇ ತಾನೆ? ಅಂಗಡಿಯ ಸ್ಪೀಕರಿನಲ್ಲಿ ಮೂರನೇ ಹಾಡು ಶುರುವಾಯಿತು, ಡ್ವೈಟನ ಪೆನ್ನು ನಿಂತಿತು. ಈಗ ಬರುತ್ತದೆ, ಎರಡನೇ ಸಲ ಪಲ್ಲವಿ ಮುಗಿದ ಮೇಲೆ, ಗಿಟಾರು ಒಂಟಿಯಾಗಿ ಮೇಲೇಳುವ ಜಾಗ — ಬಂತು. ಅವನು ಅದನ್ನು ಮೂರು ನೆಗೆತದಲ್ಲಿ ನುಡಿಸುವವನು, ಎರಡು ವರ್ಷ ಈ ರಸ್ತೆಯ ಕ್ಲಬ್ಬುಗಳಲ್ಲೆಲ್ಲ ಹಾಗೇ, ಎಡಗೈಯ ಉಂಗುರದ ಬೆರಳು ಪೂರ್ತಿ ಚಾಚುವುದಿಲ್ಲವಲ್ಲ, ಬೇಕರ್ಸ್‌ಫೀಲ್ಡಿನಲ್ಲಿ ಅಪ್ಪನ ಟೈರ್ ಅಂಗಡಿ, ಜ್ಯಾಕ್ ಜಾರಿತು, ಆ ಬೆರಳು ಹಿಡಿದುಕೊಂಡು ಅತ್ತವನು ಅಪ್ಪ. ನೆಗೆದಾಗೆಲ್ಲ ತಂತಿ ಒಮ್ಮೆ ಕಿರುಗುಡುತ್ತದೆ, ಅದು ಡ್ವೈಟನ ಗುರುತು. ಇಲ್ಲಿ ಕಿರುಗುಡುವುದಿಲ್ಲ, ಹಾಲು ಸುರಿದ ಹಾಗೆ ಹರಿದುಬಿಡುತ್ತದೆ.

ಆ ಸದ್ದನ್ನು ಮೋರ್ಟ್ ಅಳಿಸಿರಬಹುದು, ರೆಕಾರ್ಡಿಂಗ್ ಮಾಡಿಸಿದವನೇ ಅವನು, ಟೇಪು ಕತ್ತರಿಸಿ ಅಂಟಿಸುವುದರಲ್ಲಿ ಎತ್ತಿದ ಕೈ, ಇರಬಹುದು, ಆದರೆ ಕೊನೆಯ ವಾರ ಯಾಕೆ ಅಷ್ಟು ಅಕ್ಕರೆ, ಡ್ವೈಟ್, ನಿಂದೆಲ್ಲ ಮುಗೀತು ಕಣಪ್ಪ, ಮೂರು ದಿನ ಬೀಚಿಗೆ ಹೋಗಿ ಬಿದ್ಕೋ, ನಾವು ಡ್ರಮ್ಮು ಒಂಚೂರು ಸರಿ ಮಾಡ್ಕೋತೀವಿ — ಕಾಫಿ ಕುಡಿದ್ಯಾ ಅಂತ ಒಬ್ಬರನ್ನೂ ಕೇಳದ ಮನುಷ್ಯ! ಲೈಲೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದ, ಹೋಗೋ ಮಾರಾಯ, ನಿನ್ನ ಮೈಗೆ ಬಿಸಿಲು ಬಿದ್ದು ವರ್ಷ ಆಯ್ತು. ಲೈಲ್, ಶಾಲೆಯಲ್ಲಿ ಒಂದೇ ಬೆಂಚು, ಹಾಡುವವನು ನೀನು ನುಡಿಸುವವನು ನಾನು ಎಂದು ಹದಿನಾಲ್ಕನೇ ವಯಸ್ಸಿಗೇ ಮಾತಾಗಿತ್ತು. ಆ ರಜೆಯ ಎರಡನೇ ದಿನ, ಜಾಕೆಟ್ ಮರೆತಿದ್ದೆ ಎಂದು ಹೋದರೆ ಸ್ಟುಡಿಯೋದಲ್ಲಿ ಯಾರೂ ಇಲ್ಲ, ಎರಡು ಲೋಟ ಕಾಫಿ ಹಬೆಯಾಡುತ್ತಿದೆ, ಒಳಗಿನ ಬಾಗಿಲು ಆಗಷ್ಟೇ ಮುಚ್ಚಿಕೊಂಡಿತು, ಯಾವ ಗುಂಡಿ ಯಾರ ವಾದ್ಯ ಎಂದು ಮೋರ್ಟ್ ಬರೆದು ಮಿಕ್ಸಿಂಗ್ ಮೇಜಿಗೆ ಅಂಟಿಸುವ ಬಿಳಿ ಟೇಪಿನ ತುಂಡುಗಳು, ಎಲ್ಲವೂ ಎರಡು ತಿಂಗಳ ಕೊಳೆ, ಡ್ವೈಟ್ ಎಂದಿದ್ದದ್ದು ಮಾತ್ರ ಹೊಸದು, ಮುಟ್ಟಿದರೆ ಹೆಬ್ಬೆರಳಿಗೆ ಹಸಿ ಶಾಯಿ. ಅದರ ಅಡಿಯಲ್ಲಿ ಇನ್ನೊಂದು ತುಂಡು. ಅಂಚು ಉಗುರಿನಷ್ಟು ಎದ್ದಿತ್ತು. ಜಾಕೆಟ್ ತೆಗೆದುಕೊಂಡು ಬಂದುಬಿಟ್ಟ.

ಸರ್, ಎನ್ನುತ್ತಿದ್ದಾಳೆ ಯಾರೋ, ಸಾಲಿನಲ್ಲಿ ಮುಂದೆ ಬಂದ ಹುಡುಗಿ, ಹೆಗಲಿಗೆ ಗಿಟಾರು, ಬೆರಳ ತುದಿಯೆಲ್ಲ ಜಡ್ಡುಗಟ್ಟಿದೆ, ಮುಖ ನೋಡಲು ಬಂದ ಪೈಕಿಯಲ್ಲ ಇವಳು, ಹಾಡು ಕಿವಿಗೊಟ್ಟು ಕೇಳಿ ಕಲಿಯುವ ಪೈಕಿ, ಅವಳೇ ಅಪಾಯ. ಸರ್, ಮೂರನೇ ಹಾಡಿಂದು ಒಂದ್ಸಲ ತೋರಿಸ್ಕೊಡ್ತೀರಾ, ಬೆರಳಿನ ಒಂದೇ ಚಾಚಿಗೆ ತಂತಿ ಕೆಳಗಿನ ಐದು ಮೆಟ್ಟಿಲು ಹೆಂಗೆ ದಾಟ್ತೀರಿ, ನಿನ್ನೆಯಿಂದ ಒದ್ದಾಡ್ತಿದೀನಿ, ಕೈಗೇ ಸಿಗ್ತಿಲ್ಲ. ಕೊಟ್ಟೇಬಿಟ್ಟಳು, ಗಿಟಾರು ಮಡಿಲಿಗೆ ಬಂತು, ಎಡಗೈ ಅದರ ಕತ್ತಿನ ಮೇಲೆ, ಉಂಗುರದ ಬೆರಳು ಹೊರಟಿತು, ಅರ್ಧಕ್ಕೆ ನಿಂತಿತು — ಇವತ್ತು ಬೇಡ ಕಣಮ್ಮ, ಅವನ ಬೆರಳು ನೋಯ್ತಿದೆ. ಲೈಲ್ ಹೇಳಿದ್ದು. ತಲೆ ಎತ್ತದೆ, ಇನ್ಯಾರದೋ ಹೊದಿಕೆಗೆ ಸಹಿ ಹಾಕುತ್ತಲೇ. ಬೆರಳು ನೋಯುತ್ತದೆಂದು ಡ್ವೈಟ್ ಇವತ್ತು ಯಾರಿಗೆ ಹೇಳಿದ್ದ? ಹುಡುಗಿ ಕೇಳಿದ್ದು ಲೈಲನನ್ನೂ ಅಲ್ಲ. ಎಷ್ಟು ದಿನದಿಂದ ಈ ನೆಪ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದೆಯೋ ಲೈಲ್, ಹದಿನಾಲ್ಕರಿಂದ ನೋಡಿದ ಮುಖ, ಈಗಲಾದರೂ ಈ ಕಡೆ ತಿರುಗಿಸು, ತಿರುಗಿಸುವುದಿಲ್ಲ. ಅಯ್ಯೋ ಪಾಪ, ಹಂಗಾದ್ರೆ ಇಲ್ಲೊಂದು ಸಹಿ ಹಾಕಿ ಸರ್ — ಹುಡುಗಿ ಹೊದಿಕೆ ತಿರುಗಿಸಿದಳು, ಹಿಂಬದಿ, ಗಿಟಾರು ಎಂದು ಅಚ್ಚಾಗಿ ಎದುರಿಗೆ ಅವನ ಹೆಸರು, ಸರಿಯಾಗಿ ಇದರ ಮೇಲೇ ಹಾಕಿ. ಹಾಕುತ್ತಿದ್ದಾನೆ, ಹೆಸರಿನ ಮೇಲೆ ಹೆಸರು, ಹೆಬ್ಬೆರಳಿಗೆ ಹಸಿ ಶಾಯಿ, ಆ ದಿನ ಎತ್ತಿ ನೋಡಬಹುದಿತ್ತು, ಅಡಿಯಲ್ಲಿ ಯಾರ ಹೆಸರೋ, ಯಾರೂ ಇರಲಿಲ್ಲ, ಒಂದು ಕ್ಷಣ ಸಾಕಿತ್ತು, ಆ ಬಿಳಿ ಟೇಪು, ಉಗುರಿನಷ್ಟು ಎದ್ದ ಅಂಚು, ಉಗುರಿನಷ್ಟು —