ಕೊನೆಯ ಬೆಂಚಿನ ಎಡಗಾಲು

ಅಮ್ಮ ಕೂತಾಗ ಚರ್ಚಿನ ಕೊನೆಯ ಬೆಂಚು ಎಡಕ್ಕೆ ವಾಲಿ ಟಕ್ ಎಂದಿತು, ಅಪ್ಪ ಕೂತಾಗ ಬಲಕ್ಕೆ ಬಂದು ಟಕ್ ಎಂದಿತು, ನಡುವೆ ಕೂತ ಅವಳು ತಕ್ಕಡಿಯ ಮುಳ್ಳಿನ ಹಾಗೆ ಒಮ್ಮೆ ಅತ್ತ ಒಮ್ಮೆ ಇತ್ತ ಆಡಿ ನಿಂತಳು — ಇನ್ನೂ ಹಾಗೇ ಇದೆ, ಯಾರೂ ಮುಟ್ಟಿಲ್ಲ, ಮುಟ್ಟುವುದಾದರೂ ಹೇಗೆ, ನಾನು ಮುಟ್ಟುತ್ತೇನೆ ಎಂದು ಅಪ್ಪ ಎದ್ದು ನಿಂತು ಹೇಳಿದ ಮಾತು ಅವಳ ಗಂಟಲು ದಾಟಿ ಇವರ ಭಾಷೆಗೆ ಬರಲಿಲ್ಲವಲ್ಲ, ತೊಡೆಯ ಮೇಲೆ ಚೀಲ, ಚೀಲದೊಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಕೊಡತಿ, ಮರದ ತಲೆಯ ಆ ಸಣ್ಣ ಸುತ್ತಿಗೆ ಮಡಿಲಲ್ಲಿ ನಿದ್ದೆ ಹೋದ ಮಗುವಿನ ಹಾಗೆ ಹೊತ್ತು ಹೋದಂತೆ ಭಾರವಾಗುತ್ತದೆ, ಬೆಳಿಗ್ಗೆ ಹೊರಡುವಾಗ ಅಪ್ಪ ಪ್ರತಿ ಭಾನುವಾರದ ಹಾಗೆ, ಮರಿ, ಕೊಡತಿ ಇಟ್ಕೊಂಡ್ಯಾ, ಇವತ್ತು ಹೇಳಿದರೂ ಹೇಳಬಹುದು ಪಾಸ್ಟರು, ಅಂದ, ಅಮ್ಮ ಕನ್ನಡಿಯ ಮುಂದೆ ಪಿನ್ನು ಕಚ್ಚಿಕೊಂಡೇ, ಲೋಕದವರೆಲ್ಲ ಚರ್ಚಿಗೆ ಬೈಬಲ್ ತಗೊಂಡು ಹೋಗ್ತಾರೆ, ನಾವು ಸುತ್ತಿಗೆ ತಗೊಂಡು ಹೋಗ್ತೀವಿ, ಗೋಡೆ ಒಡೆಯೋಕೆ ಬಂದಿದ್ದಾರೆ ಅಂದ್ಕೊಂಡಾರು, ಅಂದಳು, ಅಪ್ಪ ನಕ್ಕ, ಅವಳೂ ನಕ್ಕಳು, ನಗಬಾರದಿತ್ತು, ಆ ನಗೆ ಮುಗಿಯುವ ಮೊದಲೇ ಹೇಳಿಬಿಟ್ಟಿದ್ದರೆ ನಗೆಯ ಜೊತೆಗೇ ಹೋಗಿಬಿಡುತ್ತಿತ್ತು, ಅಪ್ಪಾ, ಅವರು ಹೇಳೋದಿಲ್ಲ, ಯಾಕಂದ್ರೆ ಅವರಿಗೆ ಗೊತ್ತೇ ಇಲ್ಲ — ಇಷ್ಟೇ, ಎರಡು ಉಸಿರಿನ ಮಾತು, ಆದರೆ ಪಾತ್ರೆ ತಳ ಹಿಡಿದ ಮೇಲೆ ಸೌಟು ಆಡಿಸಿ ಏನು ಬಂತು, ದಿನ ಕಳೆದಂತೆ ಇನ್ನಷ್ಟು ಸೀದು ಕೂತಿದೆ.

ಅಪ್ಪನ ಕೋಟಿನ ತೋಳು ಮಣಿಕಟ್ಟು ದಾಟಿ ಇಳಿದಿದೆ, ಈ ಚರ್ಚಿನವರು ಕೊಟ್ಟ ಕೋಟು, ಯಾರೋ ಎತ್ತರದವರು ಹಾಕಿ ಬಿಟ್ಟದ್ದು, ತೋಳಿನಿಂದ ಹೊರಗೆ ಅಂಗೈ ಮಾತ್ರ ಕಾಣುತ್ತದೆ, ಮೊಣಕಾಲಿನ ಮೇಲೆ ಮಗುಚಿ ಇಟ್ಟ ದೊಡ್ಡ ಅಂಗೈ — ಅಲ್ಲಿ, ನಮ್ಮೂರಲ್ಲಿ, ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಆ ಅಂಗೈ ಹಿಂದಕ್ಕೆ ಬರುತ್ತಿತ್ತು, ಕಣ್ಣು ಮರದ ಮೇಲೆ, ಬೆನ್ನು ಬಾಗಿ, ಕೈ ಮಾತ್ರ ಹಿಂದಕ್ಕೆ ಚಾಚಿ ಅಂಗೈ ತೆರೆದುಕೊಳ್ಳುತ್ತಿತ್ತು, ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ಏನು ಬೇಕು ಎಂದು ಅವಳಿಗೆ ಗೊತ್ತಿರುತ್ತಿತ್ತು, ಅಗಲ ಉಳಿಯೋ ಸಣ್ಣ ಉಳಿಯೋ, ಗರಗಸವೋ, ಬೆಣೆ ಬಡಿಯುವ ಕೊಡತಿಯೋ, ಇಟ್ಟರೆ ಬೆರಳು ಮುಚ್ಚಿಕೊಳ್ಳುತ್ತಿದ್ದವು, ಒಮ್ಮೆಯೂ ತಿರುಗಿ ನೋಡಿದವನಲ್ಲ, ಒಮ್ಮೆಯೂ ಅವಳು ತಪ್ಪಿದವಳಲ್ಲ, ಶಾಲೆಯಲ್ಲಿ ಟೀಚರು ಎಬ್ಬಿಸಿ ನಿಲ್ಲಿಸಿ, ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬೀಗದ ಕೈ ಮನೇಲಿ ಬಿಟ್ಟು ಬಂದ್ಯಾ, ಅನ್ನುತ್ತಿದ್ದರು, ಕ್ಲಾಸೆಲ್ಲ ತಿರುಗಿ ನೋಡುತ್ತಿತ್ತು, ಉತ್ತರ ಗೊತ್ತಿದ್ದೂ ನಾಲಿಗೆ ಹಲ್ಲಿನ ಹಿಂದೆ ಅವಿತುಕೊಳ್ಳುತ್ತಿತ್ತು, ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಯ ದಾರಿ ಹಿಡಿಯದೆ ಶೆಡ್ಡಿಗೆ ಹೋಗಿ ನಿಂತಳು, ಅಪ್ಪ ಯಾಕೆ ಅನ್ನಲಿಲ್ಲ, ಏನಾಯ್ತು ಅನ್ನಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಅಂಗೈ ಹಿಂದಕ್ಕೆ ಬಂತು, ಅವಳು ಉಳಿ ಇಟ್ಟಳು, ಅಷ್ಟೇ, ಶಾಲೆ ಮುಗಿಯಿತು, ಅಮ್ಮ ಮಾತ್ರ, ಇವಳನ್ನ ಮರದ ಗೊಂಬೆ ಮಾಡಿಬಿಡಿ, ಆಮೇಲೆ ಮದುವೆಗೆ ಮರದ ಗಂಡನ್ನೇ ಕೆತ್ತಿ ಕೊಡಿ, ಅಂತ ವರ್ಷವೆಲ್ಲ ಗೊಣಗಿದಳು, ಆ ಅಂಗೈ ಅವಳಿಂದ ಯಾವತ್ತೂ ಮಾತು ಕೇಳಿರಲಿಲ್ಲ, ಅದಕ್ಕೇ ಅಲ್ಲಿ ನೆಮ್ಮದಿಯಿತ್ತು.

ಮುಂದೆ ಹಾಡು ಶುರುವಾಗಿದೆ, ಎಲ್ಲರೂ ಎದ್ದರು, ಬೆಂಚು ಟಕ್ ಎಂದಿತು, ಇಲ್ಲಿ ಹಾಡುವುದೂ ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದು ಅನ್ನುವ ಹಾಗೆ, ಅಮ್ಮ ಪದ ಗೊತ್ತಿಲ್ಲದೆ ರಾಗ ಮಾತ್ರ ಮೂಗಿನಲ್ಲಿ ಎಳೆಯುತ್ತಾಳೆ, ಅಮ್ಮನ ಅಣ್ಣ, ಮೊದಲೇ ಈ ಪರದೇಶಕ್ಕೆ ಬಂದ ಮಾವ, ಕರೆಸಿಕೊಂಡ, ಬನ್ನಿ, ಕೈಯಲ್ಲಿ ಕೆಲಸ ಇರೋನಿಗೆ ಎಲ್ಲಾದರೂ ಅನ್ನ ಸಿಗುತ್ತೆ, ಅಂದ, ಬಂದರು, ಅಪ್ಪನಿಗೆ ಸಿಕ್ಕಿದ್ದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ, ಪೆಟ್ಟಿಗೆಯೊಳಗೆ ಬಿಡಿಬಿಡಿ ಮೇಜು ಕಪಾಟು, ಮೊದಲ ದಿನ ಮನೆಗೆ ಬಂದು, ಮರ ಅಂತಾರೆ ಕಣೇ ಅದನ್ನ, ಒಳಗೆಲ್ಲ ಹೊಟ್ಟು, ನೀರು ಬಿದ್ದರೆ ಉಬ್ಬಿ ಪೂರಿ ಆಗುತ್ತೆ, ಅಂತ ನಕ್ಕ, ಅವಳಿಗೆ ಹೋಟೆಲೊಂದರ ಲಾಂಡ್ರಿ, ಹಬೆ, ಬಿಳಿ ಹಾಸು, ಇಬ್ಬಿಬ್ಬರಾಗಿ ಮೂಲೆ ಹಿಡಿದು ಕೊಡವಿ ಮಡಚುವುದು, ಅಲ್ಲೇ ಈ ಊರಿನ ಮಾತು ಒಂದೊಂದಾಗಿ ಕಿವಿಗೆ ಬಿತ್ತು, ಒದ್ದೆ, ಒಣಗಿದೆ, ಕಲೆ, ಹರಿದಿದೆ, ಬೇಗ, ಸಾಕು, ಬಿಸಾಕು, ಇಷ್ಟರಲ್ಲೇ ದಿನ ಕಳೆಯುತ್ತದೆ, ಮನೆಯಲ್ಲಿ ಮಾತ್ರ ಅವಳೇ ಪಂಡಿತೆ, ಅಂಗಡಿಗೆ ಅವಳು, ಆಸ್ಪತ್ರೆಗೆ ಅವಳು, ಕುರುಡರ ಕೇರಿಯಲ್ಲಿ ಮೆಳ್ಳೆಗಣ್ಣಿನ ದೊರೆ, ಚರ್ಚಿನವರು ಕಂಬಳಿ ಕೊಟ್ಟರು, ಪಾತ್ರೆ ಕೊಟ್ಟರು, ಅಮ್ಮನ ಕಾಲಿಗೆ ಆಪರೇಷನ್ ಆದಾಗ ಕಾರಿನಲ್ಲಿ ಕರೆದುಕೊಂಡು ಹೋಗಿ ಕರೆದುಕೊಂಡು ಬಂದರು, ಅಪ್ಪ ಪ್ರತಿಸಲ ಎರಡೂ ಕೈ ಮುಗಿದ, ಒಂದು ಸಂಜೆ ಆ ಕಂಬಳಿಯ ಮೇಲೆ ಕೂತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿ, ಬರೀ ಇಸ್ಕೊಳ್ಳೋ ಕೈ ಆಗೋಯ್ತಲ್ಲೇ ನಂದು, ಅಂದ.

ಅಮ್ಮನ ಕಾಲು ವಾಸಿಯಾದ ಮೇಲಿನ ಆ ಭಾನುವಾರವೂ ಹೀಗೇ, ಹಾಡು ನಿಂತಿತು, ಪಾಸ್ಟರು ಪುಸ್ತಕ ಮುಚ್ಚಿ ಸುಮ್ಮನೆ ನಿಂತರು, ಯಾರೂ ಉಸಿರೆತ್ತಲಿಲ್ಲ — ಅಲ್ಲಿ, ನಮ್ಮ ಚರ್ಚಿನಲ್ಲಿ, ಅಯ್ಯನವರು ಹಾಗೆ ಪುಸ್ತಕ ಮುಚ್ಚಿ ಸುಮ್ಮನಾದರೆ ಸಾಕ್ಷಿ ಹೇಳುವವರು ಏಳಬೇಕು ಎಂದು ಅರ್ಥ, ಕಷ್ಟ ಕಳೆದವರು, ಕಾಯಿಲೆ ವಾಸಿಯಾದವರು, ಒಬ್ಬರು ಏಳದಿದ್ದರೆ ಅಯ್ಯನವರೇ, ಏನಪ್ಪಾ, ಈ ವಾರ ಕರ್ತನು ಯಾರಿಗೂ ಏನೂ ಮಾಡಲಿಲ್ಲವೋ, ಅಂತ ಕೆಣಕುತ್ತಿದ್ದರು, ಇಲ್ಲಿಯ ಮೌನ ಬೇರೆ, ಇಲ್ಲಿ ಒಬ್ಬೊಬ್ಬರೂ ಒಳಗೊಳಗೇ ಬೇಡಿಕೊಳ್ಳುವ ಹೊತ್ತು ಅದು, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ, ಅದು ಅವಳಿಗೆ ಗೊತ್ತಿತ್ತು, ಅಪ್ಪನಿಗೆ ಹೇಳಿರಲಿಲ್ಲ, ಯಾಕೆ ಹೇಳಲಿಲ್ಲ, ಅವನು ಕೇಳಲಿಲ್ಲ, ಕೇಳದೆ ಹೇಳುವ ಅಭ್ಯಾಸ ಅವಳಿಗೆ ಎಲ್ಲಿತ್ತು, ಬೆಂಚು ಟಕ್ ಎಂದಿತು, ನೋಡಿದರೆ ಅಪ್ಪ ಎದ್ದು ನಿಂತಿದ್ದ, ಎಡಗೈ ಮುಂದಿನ ಬೆಂಚಿನ ಬೆನ್ನಿನ ಮೇಲೆ, ಗಂಟಲು ಸರಿ ಮಾಡಿಕೊಂಡು, ನಮ್ಮ ಮಾತಿನಲ್ಲೇ, ಕರ್ತನಿಗೆ ಸ್ತೋತ್ರ, ನನ್ನ ಹೆಂಡತಿ ಕಾಲು ವಾಸಿಯಾಯ್ತು, ನೀವೆಲ್ಲ ನಮಗೆ ಅಣ್ಣ ತಮ್ಮಂದಿರ ಹಾಗೆ ನಡ್ಕೊಂಡ್ರಿ, ನನ್ನ ಹತ್ತಿರ ಕೊಡೋಕೆ ಏನೂ ಇಲ್ಲ, ಕೈ ಇದೆ, ನಾನು ಬಡಗಿ, ಈ ಬೆಂಚಿನ ಎಡಗಾಲು ಸಡಿಲ ಆಗಿದೆ, ಇದೊಂದೇ ಅಲ್ಲ, ನಾನು ನೋಡಿದೀನಿ, ಸುಮಾರು ಬೆಂಚು ಹಂಗೇ ಇವೆ, ಒಳ್ಳೇ ಮರ, ಈಗ ಸಿಗೋದಿಲ್ಲ ಇಂಥ ಮರ, ನಾನು ಎಲ್ಲಾನೂ ಸರಿ ಮಾಡಿಕೊಡ್ತೀನಿ, ದುಡ್ಡು ಬೇಡ, ಅಂದ, ತಲೆಗಳೆಲ್ಲ ತಿರುಗಿದವು, ಕ್ಲಾಸಿನ ತಲೆಗಳ ಹಾಗೆ, ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು, ಎಲ್ಲರೂ ಕರುಣೆಯಿಂದ ನೋಡಿದರು, ಆಗ ಅಪ್ಪ ಮಾತು ನಿಲ್ಲಿಸಿದ, ಕಣ್ಣು ಪಾಸ್ಟರ ಮೇಲೆ, ಬಲಗೈ ಮಾತ್ರ ಹಿಂದಕ್ಕೆ ಅವಳ ಕಡೆ ಬಂದು ಅಂಗೈ ತೆರೆದುಕೊಂಡಿತು, ಕೊಡು ಅಂತ, ಈಗ ಇದನ್ನು ಇವರ ಭಾಷೆಯಲ್ಲಿ ಕೊಡು ಅಂತ, ಮೊದಲ ಸಲ ಅದು ಮಾತು ಕೇಳಿತು, ಅವಳ ಹತ್ತಿರ ಏನಿತ್ತು, ಒದ್ದೆ, ಒಣಗಿದೆ, ಕಲೆ, ಬೆಣೆಗೆ ಇಲ್ಲಿ ಏನನ್ನುತ್ತಾರೋ, ಬಡಗಿಗೆ ಏನನ್ನುತ್ತಾರೋ — ಅಲ್ಲ, ಅದು ನೆಪ, ಕೈ, ಕೆಲಸ, ಬೆಂಚು, ಸರಿ, ಅಷ್ಟು ಮಾತು ಅವಳಿಗೆ ಬರುತ್ತಿತ್ತು, ಬೆರಳು ತೋರಿಸಿ ಅಂದಿದ್ದರೂ ಆಗುತ್ತಿತ್ತು, ಅವಳು ತಲೆ ತಗ್ಗಿಸಿ ತನ್ನ ಬೂಟಿನ ದಾರ ನೋಡಿದಳು, ಅಂಗೈ ಅಲ್ಲೇ ಇತ್ತು, ಬರಿದಾಗಿ, ಬೆರಳ ಸಂದಿನಲ್ಲಿ ಹಳೆಯ ಉಳಿಗಾಯ ಬೆಳ್ಳಗೆ, ಪಾಸ್ಟರು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಅಂದು ತಲೆಬಾಗಿದರು, ಧನ್ಯವಾದ ಗೆಳೆಯಾ, ಅಷ್ಟೇ ಅಂದದ್ದು, ಅಪ್ಪ ಕೂತ, ಟಕ್.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು, ಮರಿ, ಏನಂದ್ರು ಪಾಸ್ಟರು, ಎದೆ ಮೇಲೆ ಕೈ ಇಟ್ಕೊಂಡ್ರಲ್ಲ, ಅಂತ ಕೇಳಿದ, ನೀನ್ಯಾಕೆ ಸುಮ್ಮನಿದ್ದೆ ಅಂತ ಕೇಳಲಿಲ್ಲ, ಕೇಳಿದ್ದರೆ ಅತ್ತುಬಿಡುತ್ತಿದ್ದಳು, ಅಳುವಿನ ಜೊತೆ ನಿಜ ಹೊರಗೆ ಬೀಳುತ್ತಿತ್ತು, ಅವನಿಗೆ ಅವಳ ಮೇಲೆ ಅಷ್ಟು ನಂಬಿಕೆ, ಆಮೇಲೆ ಹೋಗಿ ಹೇಳಿರುತ್ತಾಳೆ ಎಂದುಕೊಂಡಿದ್ದ, ಅವಳ ಬಾಯಿಂದ, ಆಗಲಿ ಅಂದ್ರಪ್ಪಾ, ಯಾವಾಗ ಅಂತ ಹೇಳ್ತಾರಂತೆ, ಅಂತ ಬಂತು, ಶಾಲೆಯಲ್ಲಿ ಅಷ್ಟು ಸಲೀಸಾಗಿ ಬಂದಿದ್ದರೆ ಇವತ್ತು ಅವಳೇ ಟೀಚರಾಗಿರುತ್ತಿದ್ದಳು, ಅಪ್ಪನ ಮುಖ, ಆ ಮುಖವನ್ನು ನೆನೆಸಿಕೊಳ್ಳಬಾರದು, ದೀಪದ ಬತ್ತಿ ಏರಿಸಿದ ಹಾಗೆ ಆಯಿತು, ಮನೆಗೆ ಬಂದವನೇ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಉಳಿಗೆಲ್ಲ ಎಣ್ಣೆ ಹಚ್ಚಿದ, ಅಮ್ಮ, ನನ್ನ ಮೊಣಕಾಲಿಗೆ ಹಚ್ಚು ಅಂದರೆ ಎಣ್ಣೆ ಇಲ್ಲ, ಕಬ್ಬಿಣಕ್ಕೆ ಅಭ್ಯಂಜನ, ಅಂದಳು, ಬೀದಿಯಲ್ಲಿ ಯಾರೋ ಹೊರಗಿಟ್ಟ ಮುರಿದ ಕುರ್ಚಿಯ ಕಾಲು ಹಿಡಿದುಕೊಂಡು ಬಂದ, ಗೋದಾಮಿನ ಹೊಟ್ಟಿನ ಮರ ಬೇಡ, ದೇವರ ಕೆಲಸಕ್ಕೆ ಗಟ್ಟಿ ಮರ ಬೇಕು, ಅಂತ ಬೆಣೆಗಳನ್ನು ಕೆತ್ತಿದ, ತುದಿ ತೆಳ್ಳಗೆ, ಹಿಂದೆ ದಪ್ಪ, ಒಂದೊಂದನ್ನೂ ಕೆನ್ನೆಗೆ ಉಜ್ಜಿ ನುಣುಪು ನೋಡಿದ, ಪ್ರತಿ ಭಾನುವಾರ ಕೋಟಿನ ಜೇಬಿನಲ್ಲಿ ಅವು ಕಟಕಟ ಅನ್ನುತ್ತವೆ, ಪ್ರತಿ ಭಾನುವಾರ ಮನೆಗೆ ವಾಪಸು ಬರುತ್ತವೆ, ಪಾಪ, ಅವರಿಗೂ ಸಾವಿರ ಕೆಲಸ, ಜ್ಞಾಪಿಸೋದು ಬೇಡ, ಸಣ್ಣತನ ಆಗುತ್ತೆ, ಅಂತಾನೆ, ಅವಳು ಹೂಂ ಅನ್ನುತ್ತಾಳೆ, ಲಾಂಡ್ರಿಯಲ್ಲಿ ಹಾಸಿನ ಮೂಲೆ ಹಿಡಿಯುವಾಗ ಅಂಗೈ, ಅಂಗಡಿಯಲ್ಲಿ ಚಿಲ್ಲರೆಗೆ ಕೈ ಚಾಚಿದವರ ಅಂಗೈ, ಎಲ್ಲ ಒಂದೇ ಅಂಗೈ.

ಈಗ ಪಾಸ್ಟರು ಪ್ರಕಟಣೆ ಓದುತ್ತಿದ್ದಾರೆ, ಪ್ರಾರ್ಥನೆ ಮುಗಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಅವರು ಕೆಳಗಿಳಿದು ಮೊದಲ ಸಾಲಿನ ಬೆಂಚನ್ನು ತಟ್ಟುತ್ತಾರೆ, ವಯಸ್ಸಾದ ಹಸುವನ್ನು ತಟ್ಟುವ ಹಾಗೆ, ಜನ ನಗುತ್ತಾರೆ, ತಮ್ಮ ತಮ್ಮ ಬೆಂಚನ್ನು ಬಗ್ಗಿ ನೋಡುತ್ತಾರೆ, ಹಳೆಯದು, ಅನ್ನುತ್ತಾರೆ ಪಾಸ್ಟರು, ಆ ಮಾತು ಅವಳಿಗೆ ಗೊತ್ತು, ಮುರಿದಿವೆ, ಅದೂ ಗೊತ್ತು, ಬಹಳ ಹುಡುಕಿದೆವು, ಇವನ್ನು ಸರಿ ಮಾಡುವ ಕೈ ಸಿಗಲಿಲ್ಲ — ಕೈ ಅಂದರೇ, ಕೈ ಅಂತಲೇ ಅಂದರು, ಬರುವ ವಾರ ಹೊಸ ಕುರ್ಚಿ ಬರುತ್ತವೆ, ಇವನ್ನು, ಆಮೇಲಿನ ಮಾತು ಲಾಂಡ್ರಿಯ ಮೇಲ್ವಿಚಾರಕಿ ಹರಿದ ಹಾಸನ್ನು ಮೂಲೆಗೆ ತೋರಿಸಿ ದಿನವೂ ಅನ್ನುವ ಮಾತು, ಬಿಸಾಕು, ಸುಡಲು ಯಾರಿಗಾದರೂ ಬೇಕಿದ್ದರೆ ತೆಗೆದುಕೊಂಡು ಹೋಗಬಹುದು, ಪಕ್ಕದಲ್ಲಿ ಅಪ್ಪನ ಉಸಿರು ಬೇಗಬೇಗ, ಮೊಣಕೈಯಿಂದ ಮೆಲ್ಲಗೆ ತಿವಿದು, ಬೆಂಚಿನ ವಿಷಯಾನೇ ಅಲ್ವಾ, ನಮ್ಮದೇ ಅಲ್ವಾ, ಅಂದ, ಮುಂದಿನ ಸಾಲಿನ ಮುದುಕರೊಬ್ಬರು ಹಿಂದೆ ತಿರುಗಿ ಬೆಂಚು ತೋರಿಸಿ ಅಪ್ಪನಿಗೆ ನಕ್ಕರು, ಅಪ್ಪನೂ ನಕ್ಕು ಎದೆಯ ಮೇಲೆ ಕೈಯಿಟ್ಟುಕೊಂಡ, ಅವತ್ತು ಪಾಸ್ಟರು ಇಟ್ಟುಕೊಂಡ ಹಾಗೆಯೇ, ನೋಡಿದ್ಯೇನೇ, ಸುತ್ತಿಗೆ ಯಾಕೆ ಅಂತಿದ್ಯಲ್ಲ, ಅಂತ ಅಮ್ಮನಿಗೆ ಅಂದ, ಅಮ್ಮ, ಹೂಂ, ಕಂಡಿದೀನಿ ದೊಡ್ಡ ಮನುಷ್ಯರನ್ನ, ಮೊದಲು ಆ ಕೋಟು ಬಿಚ್ಚಿ, ತೋಳು ಸಿಕ್ಕಿಕೊಳ್ಳುತ್ತೆ, ಅಂದಳು, ಅಮ್ಮನ ಕಣ್ಣು ಒದ್ದೆ, ಒದ್ದೆ ಅನ್ನುವ ಮಾತು ಎರಡೂ ಭಾಷೆಯಲ್ಲಿ ಗೊತ್ತು ಅವಳಿಗೆ, ಹೇಳಬೇಕು, ಈಗ, ಅಪ್ಪಾ ಅದಲ್ಲ ಅಂತ, ಇಲ್ಲವೇ ಪಾಸ್ಟರಿಗೆ, ಕೈ ಇದೆ, ಇಲ್ಲೇ ಇದೆ, ಇಷ್ಟು ದಿನ ಇಲ್ಲೇ ಇತ್ತು ಅಂತ, ಯಾರಿಗೆ ಮೊದಲು, ಯಾವ ಮಾತಿನಲ್ಲಿ ಮೊದಲು, ಜನ ಏಳುತ್ತಿದ್ದಾರೆ, ಕೋಟು ಬೆಂಚಿನ ಬೆನ್ನ ಮೇಲೆ ಬಿತ್ತು, ಅಪ್ಪ ಬರಿ ಅಂಗಿಯಲ್ಲಿ ನೆಲಕ್ಕೆ ಮೊಣಕಾಲೂರಿ ಬೆಂಚಿನ ಕೆಳಗೆ ತಲೆ ಹಾಕಿದ್ದಾನೆ, ಎಡಗಾಲಿನ ಸಂದಿಯಲ್ಲಿ ಬೆಣೆಯ ತುದಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ, ಅಳತೆ ಸರಿಯಾಗಿದೆ, ಕೂದಲೆಳೆ ಆಚೀಚೆಯಿಲ್ಲ, ಕಣ್ಣಲ್ಲೇ ತೆಗೆದ ಅಳತೆ, ತಲೆಗಳು ತಿರುಗುತ್ತಿವೆ, ನಡುದಾರಿಯಲ್ಲಿ ಪಾಸ್ಟರು ಹುಬ್ಬು ಏರಿಸಿ, ಇನ್ನೂ ನಗುತ್ತಲೇ, ಇತ್ತಲೇ ಬರುತ್ತಿದ್ದಾರೆ, ಅವಳ ಬಾಯಿ ತೆರೆದಿದೆ, ನಾಲಿಗೆ ಹಲ್ಲಿನ ಹಿಂದಿದೆ, ಮಡಿಲಲ್ಲಿ ಕೊಡತಿಯ ಭಾರ, ಮತ್ತು ಬೆಂಚಿನ ಕೆಳಗಿನಿಂದ, ತಿರುಗಿ ನೋಡದೆ, ಅವಳ ಕಡೆಗೆ ಚಾಚಿ ಬಂದು ತೆರೆದುಕೊಂಡಿದೆ, ಬೆರಳ ಸಂದಿನಲ್ಲಿ ಬೆಳ್ಳನೆಯ ಉಳಿಗಾಯದ, ಬರಿದಾದ, ಕಾಯುತ್ತಿರುವ ಆ ಅಂಗೈ.